ಮೂರನೆ ಫೂಟಿನ ಕೆಳಗ

ಮೊದಲನೆ ಫೂಟು ಎಲ್ಲಾರಿಗೂ ಗೊತ್ತಿದ್ದದ್ದ:
ಗುಟಕಾ ಚೀಟಿ, ಕಾಂಗ್ರೆಸ್ ಕಸದ ಬೇರು,
ಯಾರದೋ ಮದುವಿಯ ಥರ್ಮಾಕೋಲ್ ತಾಟು.
ಎರಡನೆ ಫೂಟಿಗೆ ಗಿರಣಿ ಹತ್ತತದ,
ಬಾಯ್ಲರ್ ಬೂದಿ, ಒಡದ ಇಟ್ಟಂಗಿ,
ಚಾದರಕ್ಕ ಹಾಕಿ ಉಳಿದ ಬಣ್ಣ
ಕುಡದು ಕುಡದು ನೇರಳಿ ಆಗಿ ಕುಂತ ಮಣ್ಣು.
ಮೂರನೆ ಫೂಟಿನ ಕೆಳಗ ಏನದ ಅನ್ನೂದು
ಸೊಲ್ಲಾಪುರದಾಗ ಇಬ್ಬರಿಗೇ ಗೊತ್ತು:
ಪೈಪ್‌ಲೈನ್ ತೋಡೋ ಯಲ್ಲಯ್ಯ ಬೊಮ್ಮಗ,
ಹೆಣಕ್ಕ ಕುಣಿ ತೋಡೋ ಈ ಭೀಮಶಾಗ.

ಅಪ್ಪ ಗುದ್ದಲಿ ಕೈಯಾಗ ಕೊಟ್ಟ ದಿನ
ಒಂದು ಹೆಂಟಿ ಒಡದು ಮೂಗಿಗೆ ಹಿಡದಿದ್ದ.
'ಮಳಿ ವಾಸನಿ ಬಂದ್ರ ತೋಡು.
ಘಾಸಲೇಟ ವಾಸನಿ ಬಂದ್ರ ನಾಕ ಹೆಜ್ಜಿ ಸರದು ತೋಡು.
ಬಂದವರನ್ನ ಒಳಗ ಕರಕೊಳ್ಳಾಕ ಮಂದಿ ಬೇಕಲೇ ಕೆಳಗ.'
ಮಂದಿ ಅಂದ್ರ ಎರೆಹುಳ.
ಆವಾಗ ಒಂದ ಏಟಿಗೆ ಐದಾರು,
ಕೆಂಪಗ, ನಾಚಿದಂಗ, ಹೊಳ್ಳಿ ಕತ್ತಲಿಗೆ ನುಸುಳಾವು.
ಈಗ ನಾಕ ಹೆಜ್ಜಿ, ಎಂಟ ಹೆಜ್ಜಿ,
ಕಂಪೌಂಡ್ ಗೋಡಿತನಾ ಸರದು ಬಂದೀನಿ.

ದಾನವ್ವ ಗಿರಣಿಯ ಬಾಬಿನ್ ಖಾತೆಯಾಕಿ.
ಗಿರಣಿ ಮುಚ್ಚಿದ ಮ್ಯಾಲ
ಚಾಳಿನ ಸಂಡಾಸದ ಹಿಂದ, ಹೊರಸಿನಷ್ಟು ಜಾಗಾದಾಗ
ಮಣ್ಣು ಸಾಕಿದಳು, ಎಮ್ಮಿ ಸಾಕಿದಂಗ.
ಖಾನಾವಳಿಯ ಉಳ್ಳಾಗಡ್ಡಿ ಸಿಪ್ಪಿ,
ಕಬ್ಬಿನ ಹಾಲಿನ ಗಾಡಿಯ ಹಿಂಡಿದ ಜಲ್ಲಿ,
ಕಡಕ್ ರೊಟ್ಟಿ ಬಡಿಯೋರ ಮನಿ ಜ್ವಾಳದ ತೌಡು,
ಸೊಸಿ ಸುಗಲಾ ಬೈಕೋಂತ ಬಳದುಕೊಟ್ಟ ಚಾದಪುಡಿ.
ಒಮ್ಮೆ ನನ್ನ ಕೈ ಹಿಡದು ಒಳಗ ಒತ್ತಿದಳು.
ಬೆಚ್ಚಗಿತ್ತು.
ಜನವರಿ ನಸಿಕಿನಾಗ, ಸೊಲ್ಲಾಪುರದ ನೆಲ,
ಮಲಗಿದ ಕೂಸಿನ ಬೆನ್ನಿನಂಗ ಬೆಚ್ಚಗಿತ್ತು.

ವೈಶಾಖದಾಗ ಆಕಿ ಹೋದಳು.
ತೋಡಿದೆ. ಖಣ್ ಅಂತು. ಸರದು ತೋಡಿದೆ. ಬೂದಿ.
ಇನ್ನೊಮ್ಮೆ ಸರದೆ, ಪ್ಲಾಸ್ಟಿಕ್ ಚೀಲ ಉಸಿರು ಬಿಟ್ಟಂಗ ಬಿಚ್ಚಿತು.
ಹೊರಗ ಪತ್ರಿ ಬಾಡಾಕ ಹತ್ತಿತ್ತು,
ಐನಾರು ಎರಡ ಸಲ ಗಡಿಯಾರ ನೋಡಿದರು.
ಇಂಥಾದರಾಗ ಆಕಿನ್ನ ಹ್ಯಾಂಗ ಕುಂದರಸಲಿ?
ಯಲ್ಲಯ್ಯನ ಗಾಡಿ ತಳ್ಳಿಕೋಂತ ಚಾಳಿಗೆ ಓಡಿದೆ,
ನಾಕ ಬುಟ್ಟಿ ತುಂಬಿದೆ, ಕರ್ರಗ, ಹಸಿ, ಹರಿದಾಡೋದು.
ಸುಗಲಾ ಬಾಗಲದಾಗ ನಿಂತು ನೋಡಿದಳು.
ಏನೂ ಕೇಳಲಿಲ್ಲ. ಒಳಗ ಹೋಗಿ
ಆ ಮುಂಜಾನಿಯ ಚಾದ ಸೋಸಣಿಗಿ ತಂದು
ಬುಟ್ಟಿ ಮ್ಯಾಲ ಬಡದಳು.

ಆಕಿಯ ಮಣ್ಣಿನ್ಯಾಗ ಆಕಿನ್ನ ಕುಂದರಸಿದಿವಿ.
ಮೊಮ್ಮಗ ಒದರಿದ, 'ಅಜ್ಜಿ ಕಾಲಿಗೆ ಹುಳ!'
ವಿಭೂತಿ ಗಟ್ಟಿ ಇಡೋ ಕೈ ಐನಾರು ತಡದರು,
ಹುಳಾ ದಾಟೋತನಾ ಕಾದರು,
ಆಮ್ಯಾಲ ಇಟ್ಟರು.

ಈ ವರ್ಷ ಪಾಲಿಕೆಯ ಇಂಜಿನಿಯರ್ ಘೋಡಕೆ ಸಾಹೇಬರು
ಟೇಪು ಹಿಡಕೊಂಡು ಬಂದಾರ.
ಪೂರಾ ಜಾಗಾಕ್ಕ ಪೇವರ್ ಬ್ಲಾಕ್.
ರಾಡಿ ಆಗಂಗಿಲ್ಲ, ಮಂದಿ ಚಪ್ಪಲಿ ಹೊಲಸ ಆಗಂಗಿಲ್ಲ.
ಹಿಂದಿನ ರಾತ್ರಿಯ ಮಳಿಗೆ
ಕಾಂಕ್ರೀಟ್ ಬಡದ ಚಾಳಿನ್ಯಾಗ ನೀರು ಹೊರಸು ಮುಟ್ಟಿತ್ತು,
ಪಾತೇಲಿ ತೇಲಿದ್ದವು.
ದಾನವ್ವನ ಸುತ್ತ ಹತ್ತ ಹೆಜ್ಜಿ ಮಾತ್ರ
ಎಲ್ಲಾ ಕುಡದು ಬಾಯಿ ಒರಸಿಕೊಂಡು ಕುಂತಿತ್ತು.
'ದಾರಿಗೆ ಹಾಕ್ರಿ ಸಾಹೇಬ್ರ, ಈ ಮೂಲಿ ಬಿಡ್ರಿ.'
'ಯಾಕ?'
ಅರ್ಜಿಯಾಗ ಬರಿಯೋ ಮಾತು ನನ್ನ ಹಂತ್ಯಾಕ ಇರಲಿಲ್ಲ.
ಹೆಂಟಿ ಒಡದು ಅವರ ಮೂಗಿಗೆ ಹಿಡದೆ.
ಸೀನಿದರು.
ಪುಸ್ತಕದಾಗ ಏನೋ ಬರಕೊಂಡರು.
ಮರಾಠಿ ಮಾತಾಡಾಕ ಬರತದ, ಓದಾಕ ಬರಂಗಿಲ್ಲ ನನಗ.

ನಿನ್ನೆ ದಾನವ್ವನಿಂದ ಏಳ ಹೆಜ್ಜಿ ಆಚೆ
ಇನ್ಯಾರಿಗೋ ತೋಡಾಕ ಹತ್ತಿದ್ದೆ.
ಮೂರನೆ ಫೂಟಿನ ಕೆಳಗ
ಬಾಬಿನ್ನಿಂದ ಬಿಚ್ಚಿಕೊಂಡ ದಾರದಂಗ
ಒಂದೇ ಒಂದು, ಕೆಂಪಗ.
ಎತ್ತಿದ ಗುದ್ದಲಿ ಹಂಗ ನಿಲ್ಲಿಸಿ
ಅರ್ಧ ಗೇಣು ಸರದು
ತೋಡಿದೆ.